ಬಾಲ ಹಿಡಿದವಳು

ಮಳೆಗಾಲಕ್ಕೆ ದೋಣಿಗಳನ್ನು ಎತ್ತಿಡುವ ದಿನವೇ ಕ್ಲಬ್ಬಿನ ಹುಲ್ಲುಹಾಸನ್ನು ಯಾರದೋ ರಿಸೆಪ್ಷನ್‌ಗೆ ಬಾಡಿಗೆಗೆ ಕೊಟ್ಟಿದ್ದರು. ಹಲಸೂರು ಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಶಾಮಿಯಾನದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಂಬ ನೆಡುವವರು ಒಂದೊಂದೇ ಗುಂಡಿ ತೋಡುತ್ತ ದೋಣಿಗಳ ಹತ್ತಿರಕ್ಕೆ ಬರುತ್ತಿದ್ದರು. ಕೋಚ್ ಮುತ್ತುರಾಜ್ ಒಮ್ಮೆ ಅವರನ್ನು ನೋಡುವುದು, ಒಮ್ಮೆ ಮೋಡ ನೋಡುವುದು, ಆಮೇಲೆ ಹುಡುಗಿಯರ ಕಡೆ ತಿರುಗಿ ಕೂಗುವುದು ಬೆಳಗಿನಿಂದ ನಡೆದೇ ಇತ್ತು.

“ಬೇಗ ಬೇಗ ಮಾ! ಮದುವೆ ಗಂಡು ಬಂದು ದೋಣೀಲಿ ಕೂತ್ಕೊಂಡು ಫೋಟೊ ತೆಗೆಸ್ಕೊಳ್ಳೋಕೆ ಮುಂಚೆ ಎತ್ತಿಡ್ರಿ.”

“ಹೆಣ್ಣು ಚೆನ್ನಾಗಿದ್ರೆ ನಾವೇ ಒಂದು ರೌಂಡ್ ಹೊಡೆಸ್ತೀವಿ ಸರ್” ಎಂದಳು ನಾಜಿಶ್. ಅವಳು ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿಯ ಮಗಳು. ಕ್ಲಬ್ಬಿನಲ್ಲಿ ಫೀಸು ಕಟ್ಟಿ ದೋಣಿ ಹೊಡೆಯುತ್ತಿದ್ದವರಲ್ಲಿ ಅವಳೊಬ್ಬಳು.

ಜೂನ್‌ನಲ್ಲಿ ನಿಂತ ಅಭ್ಯಾಸ ನೀರಿನ ಮೇಲೆ ಮತ್ತೆ ಶುರುವಾಗುವುದು ಗಣೇಶನ ಗಲಾಟೆಯೆಲ್ಲ ಮುಗಿದ ಮೇಲೆ. ನಡುವೆ ಗಾಳಿ ಜಾಸ್ತಿ, ಮೋರಿಯಿಂದ ಕೊಚ್ಚಿ ಬರುವ ಕಸ ಜಾಸ್ತಿ, ಜೊಂಡು ಜಾಸ್ತಿ. ಅಷ್ಟು ತಿಂಗಳು ದೋಣಿಗಳು ಶೆಡ್ಡಿನೊಳಗೆ ಕಬ್ಬಿಣದ ಅಟ್ಟದ ಮೇಲೆ ಕೂತಿರುತ್ತವೆ. ಎತ್ತಿಡುವುದಕ್ಕೊಂದು ಕ್ರಮವಿತ್ತು. ಮೊದಲು ನೀರಿನಿಂದ ತೆಗೆದು, ತೊಳೆದು, ದಂಡೆಯ ಮೇಲೆ ಗಿಡ್ಡ ಸ್ಟ್ಯಾಂಡುಗಳಲ್ಲಿ ಒಣಗಲು ಬಿಡಬೇಕು. ಕೂರುವ ಹಲಗೆಯ ಕೆಳಗೆ ದೋಣಿಯ ಉದ್ದಕ್ಕೂ ಟೊಳ್ಳು ಇರುತ್ತದೆ, ದೋಣಿ ಮಗುಚಿದರೂ ಮುಳುಗದಿರಲಿ ಎಂದು. ಆ ಟೊಳ್ಳಿಗೆ ತಿರುಗಿಸುವ ಮುಚ್ಚಳಗಳಿವೆ. ಎತ್ತುವ ಮೊದಲು ಒಬ್ಬರು ಮುಚ್ಚಳ ತೆಗೆದು, ಒಳಗೆ ಕೈ ಹಾಕಿ, ನೀರಿಲ್ಲ ಎಂದು ನೋಡಬೇಕು. ಅಟ್ಟದ ಮೇಲೆ ಇಟ್ಟ ಮೇಲೆ ಒಳಗೆ ಗಾಳಿಯಾಡಲಿ ಎಂದು ಮುಚ್ಚಳಗಳನ್ನು ಮಳೆಗಾಲ ಪೂರ್ತಿ ತೆಗೆದೇ ಇಡಬೇಕು.

ಆ ದಿನ ಕೊನೆಗೆ ಉಳಿದಿದ್ದು ಜೋಡಿ ದೋಣಿ. ಇಬ್ಬರು ಕೂತು ಹೊಡೆಯುವುದು, ಕ್ಲಬ್ಬಿಗೆ ಇದ್ದ ಒಂದೇ ಒಂದು ಒಳ್ಳೆಯ ದೋಣಿ. ಅದರಲ್ಲಿ ಮುಂದೆ ಕೂರುವವಳು ರೇವತಿ, ಹಿಂದೆ ಕೂರುವವಳು ಶಾಂಭವಿ.

ಶಾಂಭವಿಗೆ ಕೆರೆಯ ಮೇಲೆ ಪ್ರೀತಿ ಗೀತಿ ಇರಲಿಲ್ಲ. ಕೆರೆ ನಾರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ. ಅದಕ್ಕೆ ರಾಜ್ಯ ತಂಡದಲ್ಲಿ ಆಡಿರಬೇಕು. ರಾಜ್ಯ ತಂಡದ ಆಯ್ಕೆ ಹಬ್ಬ ಮುಗಿದ ಮೇಲೆ ಇತ್ತು, ಮತ್ತು ಕ್ಲಬ್ಬು ಕಳಿಸುವುದು ಒಂದೇ ಜೋಡಿಯನ್ನು. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಕಟ್ಟಡದ ಕೆಲಸ ಮಾಡುತ್ತ, ಸೈಟಿನ ತಗಡಿನ ಶೆಡ್ಡಿನಲ್ಲಿ ಇದ್ದರು. ಅಲ್ಲಿಂದ ದಿನಾ ಬೆಳಗ್ಗೆ ಕೆರೆಗೆ ಬರುವುದು ಆಗದ ಮಾತು ಎಂದು ಅವಳನ್ನು ಮರ್ಫಿ ಟೌನಿನ ತನ್ನ ಒಂದೇ ಕೋಣೆಯ ಮನೆಯಲ್ಲಿ ಇಟ್ಟುಕೊಂಡವಳು ರೇವತಿಯ ತಾಯಿ ಪೀರಮ್ಮ. ಅವ್ವನ ಊರಿನವಳು. ಶಾಂಭವಿಯನ್ನು ಮೊದಲು ಕೆರೆಗೆ ಕರೆದುಕೊಂಡು ಹೋದವಳೂ ರೇವತಿಯೇ. “ನಿನ್ನ ಭುಜ ನೋಡಿದ್ರೆ ಸಿಮೆಂಟ್ ಮೂಟೆ ಹೊರೋಕೆ ಹುಟ್ಟಿದಂಗಿದ್ದೀಯ. ಬಾ, ಹುಟ್ಟು ಹಿಡಿ” ಅಂದಿದ್ದಳು. ಶಾಂಭವಿ ಅವಳನ್ನು ಅಕ್ಕ ಅನ್ನುತ್ತಿದ್ದಳು. ಅದು ಬಾಯಿಮಾತಿನ ಅಕ್ಕ ಆಗಿರಲಿಲ್ಲ.

“ಮುಚ್ಚಳ ನೋಡಿದ್ರಾ?” ಎಂದು ಮುತ್ತುರಾಜ್ ಶೆಡ್ಡಿನ ಬಾಗಿಲಿನಿಂದ ಕೇಳಿದರು.

“ನೋಡ್ದೆ ಸರ್, ಖಾಲಿ” ಎಂದಳು ರೇವತಿ. ಅದು ಅವಳ ಕೆಲಸ. ಹಿಂದಿನ ವರ್ಷದಿಂದ ಅವಳು ಕ್ಲಬ್ಬಿನಲ್ಲಿ ಅಸಿಸ್ಟೆಂಟ್. ಚಿಕ್ಕವರಿಗೆ ಹೇಳಿಕೊಡುವುದು, ದೋಣಿ ನೋಡಿಕೊಳ್ಳುವುದು.

ಹಿಂದಿನ ಎರಡು ರಾತ್ರಿ ಜೋರು ಮಳೆ ಬಂದಿತ್ತು. ಶಾಂಭವಿಯ ಕೈ ತಾನಾಗಿ ಹತ್ತಿರದ ಮುಚ್ಚಳದ ಕಡೆಗೆ ಹೋಯಿತು.

“ನೋಡಿದ್ದೀನಿ ಅಂದ್ನಲ್ಲ” ಎಂದಳು ರೇವತಿ. ಸಿಟ್ಟೇನೂ ಇರಲಿಲ್ಲ. ಆದರೆ ಮಾತು ಎಲ್ಲರ ಮುಂದೆ ಬಂದಿತ್ತು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡುವುದು ಆ ಕ್ಲಬ್ಬಿನಲ್ಲಿ ಅವಮಾನ ಮಾಡಿದ ಹಾಗೆ. ಅಕ್ಕನಿಗಂತೂ ಯಾರು ಹಾಗೆ ಮಾಡುತ್ತಾರೆ? ಶಾಂಭವಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಮುಂಭಾಗಕ್ಕೆ ರೇವತಿ ಮತ್ತು ನಾಜಿಶ್ ನಿಂತರು. ನಡುವೆ ಶೆಡ್ಡಿನ ಕೆಲಸದ ಅಕ್ತರ್. ಹಿಂದಿನ ತುದಿಯನ್ನು ಅವರೆಲ್ಲ ಬಾಲ ಅನ್ನುತ್ತಿದ್ದರು. ಚೂಪಾದ ಜಾಗ, ಒಬ್ಬರು ಹಿಡಿದರೆ ಸಾಕು. ಬಾಲಕ್ಕೆ ಶಾಂಭವಿ.

ಎತ್ತಿದಾಗ ಎಂದಿಗಿಂತ ಸ್ವಲ್ಪ ಭಾರ ಅನ್ನಿಸಿತು. “ಏನ್ ಗುರೂ, ದೋಣಿನೂ ಬಿರಿಯಾನಿ ತಿಂದೈತಾ?” ಎಂದು ಅಕ್ತರ್ ಏದುಸಿರು ಬಿಟ್ಟ. ಎಲ್ಲರೂ ನಕ್ಕರು. ದೋಣಿ ಮಟ್ಟವಾಗಿತ್ತು, ಭಾರ ನಾಲ್ಕು ಜನಕ್ಕೆ ಹಂಚಿಹೋಗಿತ್ತು, ಹಾಗಾಗಿ ಶೆಡ್ಡಿನವರೆಗೂ ನಡೆದುಬಂದರು. ಅಟ್ಟದ ಎದುರು ಮುತ್ತುರಾಜ್ ಕೂಗಿದರು, “ಮುಂದೆ ಎತ್ತು! ಇನ್ನೂ, ಇನ್ನೂ!”

ಮೂತಿ ಮೇಲೆದ್ದಿತು. ಮೇಲೆದ್ದ ಕೂಡಲೇ ದೋಣಿಯ ಹೊಟ್ಟೆಯಲ್ಲಿ ಏನೋ ದಡದಡ ಓಡಿ ಬಂದ ಹಾಗಾಯಿತು. ಶಾಂಭವಿಯ ಎರಡು ಕೈಗಳ ಮೇಲೆ ಯಾರೋ ಹತ್ತಿ ನಿಂತಂತೆ ಭಾರ ಬಿತ್ತು. ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಬೆರಳು ಸಡಿಲವಾಯಿತು. ಬಾಲದ ಅಂಚು ಅಟ್ಟದ ಕೆಳಗಿನ ಕಬ್ಬಿಣದ ಕಂಬಿಗೆ ಬಡಿದು ಸೀಳಿತು. ಅವಳ ಬಲಗೈ ನಡುವೆ ಸಿಕ್ಕಿಹಾಕಿಕೊಂಡಿತು.

ಆಮೇಲಿನದೆಲ್ಲ ಅವಳಿಗೆ ತುಂಡು ತುಂಡಾಗಿ ನೆನಪು. ನಾಜಿಶ್ “ಯಾ ಅಲ್ಲಾ, ಯಾ ಅಲ್ಲಾ” ಅನ್ನುತ್ತ ತನ್ನ ದುಪಟ್ಟಾ ಸುತ್ತಿದ್ದು. ಅಕ್ತರ್ ರಸ್ತೆಗೆ ಓಡಿ ಆಟೊ ಹಿಡಿದು ತಂದು, ನಾಜಿಶ್ ಜೊತೆ ತಾನೂ ಹತ್ತಿದ್ದು. ಆಟೊದಲ್ಲಿ ಮುತ್ತುರಾಜ್ ಪಕ್ಕದಲ್ಲೇ ಕೂತು ಶಿವಾಜಿನಗರದ ಆಸ್ಪತ್ರೆಯವರೆಗೂ ಕ್ಲಬ್ಬಿನ ಅಧ್ಯಕ್ಷರಿಗೆ ಫೋನು ಮಾಡುತ್ತಲೇ ಇದ್ದದ್ದು. “ನೀನೂ ಬಾ ಅಕ್ಕಾ” ಎಂದಾಗ ರೇವತಿ, “ನೀವು ಹೋಗಿ. ದೋಣಿ ಹಿಂಗೇ ಬಿಟ್ಟು ಬರಕ್ಕಾಗಲ್ಲ. ನಾನು ನೋಡ್ಕೋತೀನಿ” ಅಂದಿದ್ದು.

ಎರಡು ಬೆರಳಿಗೆ ಪಟ್ಟಿ ಬಿತ್ತು. ಮೂಳೆ ಮುರಿದಿರಲಿಲ್ಲ, ಉಗುರು ಹೋಗಿತ್ತು.

ಸಂಜೆ ಮನೆಯಲ್ಲಿ ರೇವತಿ ಅನ್ನ ಕಲಸಿ ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು.

“ಅಕ್ಕಾ, ಒಳಗೆ ನೀರಿತ್ತು” ಎಂದಳು ಶಾಂಭವಿ.

“ಇಲ್ಲ ಕಣೇ.”

“ಓಡಿ ಬಂತು. ನನ್ನ ಕೈಗೆ ಗೊತ್ತಾಯ್ತು.”

“ಮಗಾ, ಕಮಿಟಿಯೋರೆಲ್ಲ ಬಂದು ನೋಡಿದ್ರು. ಟೊಳ್ಳಿನೊಳಗೆ ಕೈ ಹಾಕಿ ತೋರಿಸ್ದೆ. ಒಳಗೆ ಒಣಗಿತ್ತು. ಒಂದು ಹನಿ ಇರ್ಲಿಲ್ಲ.” ಇನ್ನೊಂದು ತುತ್ತು ಮಾಡಿದಳು. “ಸರ್‌ಗೆ ಎಷ್ಟು ಹೇಳ್ದೆ ಗೊತ್ತಾ? ಅವಳು ಬೇಕಂತ ಬಿಟ್ಟಿಲ್ಲ ಸರ್, ಪಾಪ ಸುಸ್ತಾಗಿದ್ಲು ಅಂತ. ಅಧ್ಯಕ್ಷರ ಕಾಲು ಹಿಡಿಯೋದೊಂದು ಬಾಕಿ.”

ಶಾಂಭವಿ ಕಣ್ಣೀರು ಒರೆಸಿಕೊಂಡು ತುತ್ತು ನುಂಗಿದಳು. ಅಕ್ಕ ತನ್ನ ಪರವಾಗಿ ಅಷ್ಟೆಲ್ಲ ಮಾತಾಡಿದಳು ಅನ್ನುವುದೇ ಅವಳಿಗೆ ದೊಡ್ಡದಾಗಿ ಕಂಡಿತು. ತನ್ನ ಕೈಯೇ ಸುಳ್ಳು ಹೇಳಿರಬೇಕು ಅಂದುಕೊಂಡಳು. ಎಷ್ಟೋ ದಿನ ಹಾಗೆಯೇ ಅಂದುಕೊಂಡಿದ್ದಳು.

ಕ್ಲಬ್ಬು ಅವಳನ್ನು ಅಭ್ಯಾಸದಿಂದ ಹೊರಗಿಟ್ಟಿತು. ಮಳೆಗಾಲದಲ್ಲಿ ಅಭ್ಯಾಸ ಅಂದರೆ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮೆಷೀನಿನ ಮೇಲೆ ಕೂತು ಹಗ್ಗ ಎಳೆಯುವುದು. ಅಲ್ಲಿ ಅವಳ ಜಾಗದಲ್ಲಿ ನಾಜಿಶ್ ಕೂತಳು. ಚಿಕ್ಕ ಹುಡುಗಿಯರು ಅವಳಿಗೆ ಕೈಬಿಟ್ಟಮ್ಮ ಎಂದು ಹೆಸರಿಟ್ಟರು. ಬೆರಳಿನ ಪಟ್ಟಿ ಬಿಚ್ಚಿದ ಮೇಲೆ ಶಾಂಭವಿ ಒಬ್ಬಳೇ ಬೆಳಗ್ಗೆ ಕೆರೆಯ ಸುತ್ತ ಓಡುತ್ತಿದ್ದಳು. ಮನೆಯ ಹಿಂದಿನ ಸಂದಿಯಲ್ಲಿ ನೀರು ತುಂಬಿದ ಬಿಂದಿಗೆಗಳನ್ನು ಎತ್ತಿ ಇಳಿಸುತ್ತಿದ್ದಳು. ಪೀರಮ್ಮ “ಬೀದಿಗೆಲ್ಲ ನೀರು ಹೊತ್ತು ಕೊಡ್ತಿಯೇನವ್ವಾ?” ಎಂದು ನಗುತ್ತಿದ್ದಳು.

ನಾಜಿಶ್ ಕೆಟ್ಟ ಹುಡುಗಿಯಲ್ಲ, ಕೆಟ್ಟ ಆಟಗಾರ್ತಿಯೂ ಅಲ್ಲ. ಆದರೆ ರೇವತಿ ಎಳೆಯುವಾಗ ನಾಜಿಶ್ ಬಿಡುತ್ತಿದ್ದಳು, ಬಿಡುವಾಗ ಎಳೆಯುತ್ತಿದ್ದಳು. ಒಂದು ದಿನ ಅವಳೇ ಮರ್ಫಿ ಟೌನಿಗೆ ಬಂದು ಬಾಗಿಲಲ್ಲಿ ನಿಂತು ಹೇಳಿದಳು. “ಏನ್ ಮಾಡ್ಲಿ ಶಾಂಭವಿ, ನಿಮ್ಮಕ್ಕನ ಬೆನ್ನು ನೋಡ್ಕೊಂಡು ಹೊಡೆಯೋಕೆ ನಂಗೆ ಬರಲ್ಲ. ನಿಂಗೆ ಅಭ್ಯಾಸ. ನೀನೇ ವಾಪಸ್ ಬಾ ಮಾರಾಯ್ತಿ. ನಮ್ಮ ಅಮ್ಮಿಗೆ ನಾನು ಮನೇಲಿದ್ರೇನೇ ಖುಷಿ.”

ಆ ವಾರವೇ ಮುತ್ತುರಾಜ್ ಕರೆಸಿದರು. ಕ್ಲಬ್ಬಿನ ಗೇಟಿನ ಎದುರು ಸ್ಕೂಟರಿನ ಮೇಲೆ ಕೂತಿದ್ದರು. ಸೇನೆಯಲ್ಲಿದ್ದವರು, ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ನಾಲ್ಕು ಭಾಷೆ ಕಲಸಿ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ತಮಿಳು ಒಂದೇ ಉಳಿಯುತ್ತಿತ್ತು.

“ಪಾರ್ ಮಾ, ಇಲ್ಲಿ ನೋಡು, ಅಧ್ಯಕ್ಷರು ಒಪ್ಪಿದ್ದಾರೆ. ಆಯ್ಕೆಗೆ ನೀನೂ ರೇವತಿನೂ ಹೋಗ್ಬಹುದು. ಒಂದೇ ಕಂಡಿಷನ್. ಕಮಿಟಿ ಮುಂದೆ ನಿಂತು, ಭಾರ ತಡೆಯೋಕಾಗ್ಲಿಲ್ಲ, ಕೂಗ್ಲಿಲ್ಲ, ಕೈ ಬಿಟ್ಟೆ, ತಪ್ಪಾಯ್ತು ಅಂತ ಹೇಳ್ಬಿಡು.”

“ಅಷ್ಟೇನಾ ಸರ್?”

“ಅಷ್ಟೇ.”

ಶಾಂಭವಿಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟು ದಿನವೂ ತಾನೇ ತಪ್ಪು ಮಾಡಿದ್ದು ಎಂದು ನಂಬಿದವಳಿಗೆ ತಪ್ಪಾಯಿತು ಅನ್ನುವುದು ಯಾವ ಕಷ್ಟ? ಮನೆಗೆ ಬಂದು ರೇವತಿಗೆ ಹೇಳಿದಳು. ರೇವತಿ ಅವಳನ್ನು ಅಪ್ಪಿಕೊಂಡು ಎತ್ತಿಬಿಟ್ಟಳು. “ಹೇಳ್ಬಿಡು ಮಗಾ, ಮುಗೀತು. ಎರಡು ಮಾತು ತಾನೆ. ಆಮೇಲೆ ಇಬ್ರೂ ಸೇರಿ ಎಲ್ರಿಗೂ ತೋರಿಸೋಣ.”

ಕಮಿಟಿ ಕೂಡುವುದು ಭಾನುವಾರ ಬೆಳಗ್ಗೆ. ರೇವತಿ ಚಿಕ್ಕವರಿಗೆ ಹೇಳಿಕೊಡಲು ಮೊದಲೇ ಹೋಗಿದ್ದಳು. ಶಾಂಭವಿಯ ಟ್ರ್ಯಾಕ್ ಪ್ಯಾಂಟು ಇನ್ನೂ ಹಸಿಯಾಗಿತ್ತು. ಪೀರಮ್ಮ ಗಂಟು ಬಿಚ್ಚಿ ಮಗಳ ಪ್ಯಾಂಟೊಂದನ್ನು ಹೊರಗೆಳೆದಳು.

“ಇದನ್ನ ಹಾಕ್ಕೊಂಡು ಹೋಗು... ಬ್ಯಾಡ ಬ್ಯಾಡ, ಇದರ ಕಲಿ ಇನ್ನಾ ಹೋಗಿಲ್ಲ. ನೋಡು, ಮೊಣಕಾಲತನಾ ಕರ್ರಗ. ಎಷ್ಟು ಸಬಕಾರ ಹಚ್ಚಿದೆ ಆವತ್ತು! ಆ ದೋಣ್ಯಾನ ನೀರಿನ ನಾತಾನೂ ಹೋಗವಲ್ದು.”

ಶಾಂಭವಿ ತಲೆ ಬಾಚುತ್ತಿದ್ದಳು. “ಯಾವ ದೋಣಿ ನೀರು ಅತ್ತೆ?”

“ನಿನ್ನ ಕೈ ಜಜ್ಜಿದ ದಿನದ್ದು. ಬಕೀಟುಗಟ್ಲೆ ಬಂತಂತಲ್ಲ. ನೀವು ದವಾಖಾನಿಗಿ ಹೋದ ಮ್ಯಾಲ ಅಕಿ ಒಬ್ಬಾಕಿನೇ ಮುಚ್ಚಳ ತಗದು ಬಗ್ಗಿಸಿದ್ಲಂತ. ಮೈಮ್ಯಾಲೆಲ್ಲ ಸುರುವಿಕೊಂಡು ಬಂದಿದ್ಲು...”

ಬಾಚಣಿಗೆ ನಿಂತಿದ್ದನ್ನು ಪೀರಮ್ಮ ನೋಡಿದಳು. ಪ್ಯಾಂಟು ಮಡಚುತ್ತಿದ್ದ ಕೈಯೂ ನಿಂತಿತು.

“ನಿನಗ ಹೇಳಿಲ್ಲೇನು ಅಕಿ?”

“ಇಲ್ಲ.”

“ಯವ್ವಾ...” ಪೀರಮ್ಮ ನೆಲದ ಮೇಲೆ ಕೂತಳು. “ನೀವಿಬ್ರೂ ಮಾತಾಡ್ಕೊಂಡು ಮಾಡೀರಿ ಅಂದ್ಕೊಂಡಿದ್ನೆ. ಅಕ್ಕನ ಕೆಲಸ ಉಳೀಲಿ ಅಂತ ನೀನೇ ಮೈಮ್ಯಾಲ ಹಾಕ್ಕೊಂಡೀ ಅಂತ... ನಿಮ್ಮವ್ವಗ ಫೋನಿನ್ಯಾಗ ಸೈತ ಹೇಳಿದೆ, ನಿನ್ನ ಮಗಳು ಬಂಗಾರ ಅಂತ.”

ಶಾಂಭವಿ ಹಸಿ ಪ್ಯಾಂಟನ್ನೇ ಹಾಕಿಕೊಂಡಳು. ಬಾಗಿಲು ದಾಟುವಾಗ ಪೀರಮ್ಮ ಹಿಂದಿನಿಂದ ಅವಳ ತೋಳು ಹಿಡಿದಳು.

“ಶಾಂಭವೀ, ಆ ಕೆಲಸದ ಮ್ಯಾಲೇ ಈ ಮನಿ ನಡೀತೈತಿ. ನಾ ನಾಕು ಮನಿ ಮುಸುರಿ ತಿಕ್ಕಿ ತರೋದು ನಿನಗ ಗೊತ್ತೈತಿ. ಹೆಂಗೂ ನಿನಗ ಸೀಟು ಕೊಡ್ತಾರ. ಒಂದ್ ಮಾತು ನುಂಗಿಬಿಡು ನನ್ನವ್ವ.”

ಶಾಂಭವಿ ತೋಳು ಬಿಡಿಸಿಕೊಂಡು ಹೊರಟಳು.

ದಾರಿಯುದ್ದಕ್ಕೂ ಅವಳಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ಬದಲಿಗೆ ನಾಚಿಕೆಯಾಯಿತು. ಅಕ್ಕ ತುತ್ತು ಮಾಡಿ ಬಾಯಿಗಿಟ್ಟಾಗ ತಾನು ಕಣ್ಣೀರು ಹಾಕಿದ್ದು ನೆನಪಾಗಿ ನಾಚಿಕೆಯಾಯಿತು. ಅದೇ ಕೈ ಮಧ್ಯಾಹ್ನ ನೀರು ಬಗ್ಗಿಸಿತ್ತು. ರೇವತಿ ಮುಚ್ಚಳ ನೋಡದೆ ನೋಡಿದೆ ಅಂದದ್ದನ್ನು ಅವಳು ಕ್ಷಮಿಸಬಲ್ಲಳು. ಅವಸರದಲ್ಲಿ ಯಾರಾದರೂ ಅನ್ನುತ್ತಾರೆ. ಆದರೆ ತನ್ನ ಬೆರಳಿನಿಂದ ರಕ್ತ ಹೋಗುತ್ತಿದ್ದಾಗ, ಆಟೊ ಇನ್ನೂ ಶಿವಾಜಿನಗರ ಮುಟ್ಟುವ ಮೊದಲು, ಅವಳು ಒಬ್ಬಳೇ ಕೂತು ಯೋಚನೆ ಮಾಡಿದ್ದಳು. ಎದ್ದು ಹೋಗಿ ಮುಚ್ಚಳ ತೆಗೆದಿದ್ದಳು. ದೋಣಿ ಬಾಗಿಸಿದ್ದಳು. ಆಮೇಲೆ ಮುಚ್ಚಳಗಳನ್ನು ಕ್ರಮದ ಪ್ರಕಾರ ತೆಗೆದೇ ಇಟ್ಟಿದ್ದಳು. ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ.

ಮುತ್ತುರಾಜ್ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದರು. ಶಾಂಭವಿ ನೇರ ಹೋಗಿ ಎಲ್ಲ ಹೇಳಿದಳು. ಅವರು ಟೀ ಮುಗಿಸುವವರೆಗೂ ಕೇಳಿದರು. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

“ನೆಲ ಒದ್ದೆ ಇತ್ತು ಮಾ. ಆಸ್ಪತ್ರೆಯಿಂದ ವಾಪಸ್ ಬಂದಾಗಲೇ ನೋಡ್ದೆ. ಕಮಿಟಿಯೋರು ದೋಣಿ ಒಳಗೆ ನೋಡಿದ್ರು, ನೆಲ ನೋಡ್ಲಿಲ್ಲ. ಶೆಡ್ಡಿನೊಳಗೆ ಮಳೆ ಬೀಳುತ್ತಾ?”

ಶಾಂಭವಿ ಲೋಟದಿಂದ ಕಣ್ಣೆತ್ತಿ ಅವರನ್ನು ನೋಡಿದಳು.

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಯಾಕೆ ಸರ್?”

“ಮುಚ್ಚಳ ನೋಡೋದು ಅವಳ ಕೆಲ್ಸ. ಅವಳು ನೋಡಿದ್ಲಾ ಅಂತ ನಿಂತು ನೋಡೋದು ನನ್ನ ಕೆಲ್ಸ. ನಾನು ಶಾಮಿಯಾನ ನೋಡ್ತಾ ಇದ್ದೆ. ನೀರಿತ್ತು ಅಂತಾದ್ರೆ ಮೊದ್ಲು ಹೋಗೋದು ನನ್ನ ತಲೆ, ಆಮೇಲೆ ಅವಳ್ದು. ಇಬ್ರೂ ಹೋದ್ರೆ ಕ್ಲಬ್ಬಲ್ಲಿ ನಿಮಗೆ ಹೇಳಿಕೊಡೋರು ಯಾರು? ನೀನಾದ್ರೆ ಒಂದು ಸೀಸನ್ ಮನೇಲಿರ್ತೀಯ, ಆಮೇಲೆ ನಾನೇ ಹೆಂಗಾದ್ರೂ ಒಳಗೆ ತಗೋತೀನಿ ಅಂದ್ಕೊಂಡೆ. ತಗೊಂಡ್ನಾ ಇಲ್ವಾ? ಹೇಳು.”

“ಈಗ ಒಳಗೆ ಬಂದು ಇದನ್ನೇ ಹೇಳ್ತೀರಾ?”

“ಇಲ್ಲ” ಎಂದರು ಮುತ್ತುರಾಜ್. ದನಿಯಲ್ಲಿ ಕೆಟ್ಟತನ ಇರಲಿಲ್ಲ. ಮಳೆ ಬರುತ್ತದೆ ಅನ್ನುವ ಹಾಗೆ ಹೇಳಿದರು. “ಬುದ್ಧಿವಂತೆ ನೀನು. ಎರಡು ಮಾತು ಹೇಳು, ಸೀಟು ತಗೋ, ಪೊಲೀಸ್ ಆಗು. ಆಮೇಲೆ ಬೇಕಾದ್ರೆ ನನ್ನ ಸ್ಕೂಟರ್ ಹಿಡಿದು ಫೈನ್ ಹಾಕು.”

ಅವರು ಅದಕ್ಕೆ ನಕ್ಕರು. ಅವಳು ನಗುತ್ತಾಳೆ ಎಂದೂ ಕಾದರು.

ಕಮಿಟಿ ಕೋಣೆಯಲ್ಲಿ ಉದ್ದನೆಯ ಮೇಜು, ಬಿಸ್ಕತ್ತು, ಕಾಫಿ. ಕುಕ್ ಟೌನಿನಲ್ಲಿ ಬಂಗಲೆಯಿದ್ದ ಅಧ್ಯಕ್ಷರು ನಡುವೆ ಕೂತಿದ್ದರು. ಇನ್ನಿಬ್ಬರು ಸದಸ್ಯರು ಹೊಸ ಪಾರ್ಕಿಂಗ್ ಜಾಗದ ಬಗ್ಗೆ ವಾದ ಮಾಡುತ್ತಿದ್ದರು. ಮುತ್ತುರಾಜ್ ಗೋಡೆಗೆ ಒರಗಿ ನಿಂತರು.

“ಎಸ್, ಶಾಂಭವಿ. ಏನೋ ಹೇಳ್ಬೇಕು ಅಂದ್ಯಂತೆ?” ಎಂದರು ಅಧ್ಯಕ್ಷರು.

ಅವಳು ಬರುವಾಗ ಏನನ್ನೂ ತೀರ್ಮಾನ ಮಾಡಿರಲಿಲ್ಲ. ಸೀಟು ಬೇಕಾಗಿತ್ತು. ಆ ಸೀಟಿಗಾಗಿಯೇ ಅವಳು ಕೆ.ಆರ್. ಪುರ ಬಿಟ್ಟು ಇನ್ನೊಬ್ಬರ ಮನೆಯ ಮೂಲೆಯಲ್ಲಿ ಮಲಗಿದ್ದಳು, ನಾರುವ ನೀರಿನಲ್ಲಿ ಕೈ ತೊಳೆದಿದ್ದಳು.

“ಕೈ ಬಿಟ್ಟಿದ್ದು ನಾನೇ ಸರ್” ಎಂದಳು. “ಭಾರ ತಡೆಯೋಕಾಗ್ಲಿಲ್ಲ. ಕೂಗೋಕೂ ಆಗ್ಲಿಲ್ಲ.”

“ಗುಡ್. ಒಪ್ಪಿಕೊಳ್ಳೋದು ದೊಡ್ಡ ಗುಣ” ಎಂದು ಅಧ್ಯಕ್ಷರು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ಸ್ವಲ್ಪ ತಳ್ಳಿದರು. ಅಲ್ಲಿಗೆ ಮುಗಿದಿತ್ತು. ಅವಳಿಗೆ ಸೀಟು ಸಿಕ್ಕಿತ್ತು. ಒಂದು ಥ್ಯಾಂಕ್ಸ್ ಹೇಳಿ ಹೊರಗೆ ಹೋಗುವುದಷ್ಟೇ ಬಾಕಿ.

“ಒಳ್ಳೆ ಹುಡ್ಗಿ ಸರ್” ಎಂದರು ಮುತ್ತುರಾಜ್ ಗೋಡೆಯ ಕಡೆಯಿಂದ. ಅವರ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ನೆಮ್ಮದಿಯಲ್ಲಿ ಇನ್ನೊಂದು ಮಾತು ಸೇರಿಸಿದರು. “ಕೈ ಸ್ವಲ್ಪ ವೀಕು, ಅಷ್ಟೇ. ರೇವತಿ ಜೊತೆ ಇದ್ರೆ ಸರಿಹೋಗುತ್ತೆ.”

ಶಾಂಭವಿ ತನ್ನ ಕೈ ನೋಡಿಕೊಂಡಳು. ಉಗುರು ಇನ್ನೂ ಅರ್ಧ ಮಾತ್ರ ಬೆಳೆದಿತ್ತು.

“ವೀಕ್ ಇಲ್ಲ ಸರ್” ಎಂದಳು. “ದೋಣಿ ಒಳಗೆ ನೀರಿತ್ತು. ಮೂತಿ ಎತ್ತಿದ ತಕ್ಷಣ ಎಲ್ಲ ಬಾಲಕ್ಕೆ ಬಂತು. ಯಾರು ಹಿಡಿದಿದ್ರೂ ಬಿಡ್ತಿದ್ರು. ರೇವತಿ ಮುಚ್ಚಳ ನೋಡಿರ್ಲಿಲ್ಲ. ನಾವು ಆಸ್ಪತ್ರೆಗೆ ಹೋದ್ಮೇಲೆ ನೀರು ತೆಗೆದ್ಲು. ಅವಳ ತಾಯಿನೇ ಹೇಳಿದ್ರು. ಮುತ್ತುರಾಜ್ ಸರ್ ಒದ್ದೆ ನೆಲ ನೋಡಿದ್ದಾರೆ. ಈಗ ಹೊರಗೆ ಟೀ ಕುಡೀತಾ ನನ್ನ ಹತ್ರ ಒಪ್ಕೊಂಡ್ರು.”

ಪಾರ್ಕಿಂಗ್ ವಾದ ನಿಂತಿತು. ಅಧ್ಯಕ್ಷರು ಕುರ್ಚಿಯಲ್ಲಿ ಪೂರ್ತಿ ತಿರುಗಿದರು.

“ಮುತ್ತುರಾಜ್?”

ಮುತ್ತುರಾಜ್ ಶಾಂಭವಿಯನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ. ಚೆನ್ನಾಗಿ ಹೊಡೆಯುತ್ತಿದ್ದ ಹುಡುಗಿ ಗುರಿಯ ಹತ್ತಿರ ಬಂದು ಹುಟ್ಟು ಕೈಬಿಟ್ಟಾಗ ನೋಡುವ ಹಾಗೆ ನೋಡುತ್ತಿದ್ದರು.

“ನಾನು ನೋಡ್ದಾಗ ಒಣಗಿತ್ತು ಸರ್” ಎಂದರು. “ನೆಲಾನೂ, ದೋಣಿನೂ.”

“ಟೀ ಕುಡೀತಾ ಏನೋ ಅಂದ್ರಂತೆ?”

“ಸಮಾಧಾನ ಹೇಳ್ದೆ ಸರ್. ಹುಡ್ಗಿ ತಲೆ ಕೆಡಿಸ್ಕೊಂಡಿದೆ.”

ಅಧ್ಯಕ್ಷರು ಬಿಸ್ಕತ್ತಿನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. “ನೋಡಮ್ಮಾ, ಸ್ಪೋರ್ಟ್ಸ್‌ನಲ್ಲಿ ಸೋಲೋದು ತಪ್ಪಲ್ಲ. ಜೊತೆಯವಳ ಮೇಲೆ ಹಾಕೋದು ತಪ್ಪು. ನಿನ್ನನ್ನ ಮನೇಲಿಟ್ಟು ಸಾಕಿದೋರು ಅವರು, ಅಲ್ವಾ?” ಆಮೇಲೆ ಮುತ್ತುರಾಜ್ ಕಡೆ ತಿರುಗಿ, “ಆ ಇನ್ನೊಂದು ಹುಡ್ಗೀನೇ ಕಳ್ಸಿ. ಫ್ರೇಜರ್ ಟೌನ್ ಹುಡ್ಗಿ” ಎಂದರು.

ಹೊರಗೆ ರೇವತಿ ಶೆಡ್ಡಿನ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಎದ್ದು ಓಡಿ ಬಂದಳು.

“ಹೇಳ್ದ್ಯಾ?”

“ಹೇಳ್ದೆ.”

“ಅಬ್ಬಾ!” ರೇವತಿ ಎರಡೂ ಕೈ ಚಾಚಿದಳು.

“ನೀನು ನೀರು ಬಗ್ಗಿಸಿದ್ದು ಹೇಳ್ದೆ.”

ಚಾಚಿದ ಕೈಗಳು ಅಲ್ಲೇ ನಿಂತವು. ರೇವತಿಯ ಮುಖದಲ್ಲಿ ಮೊದಲು ಬಂದದ್ದು ಹೆದರಿಕೆ. ಅವಳು ಸುಳ್ಳು ಹೇಳುತ್ತಾಳೆ, ನೀರಿರಲಿಲ್ಲ ಅನ್ನುತ್ತಾಳೆ ಎಂದು ಶಾಂಭವಿ ಕಾದಳು. ರೇವತಿ ಅದನ್ನು ಹೇಳಲಿಲ್ಲ.

“ಯಾರ್ ಹೇಳಿದ್ರು ನಿಂಗೆ?”

“ಅತ್ತೆ.”

“ಅಮ್ಮಾನಾ...” ರೇವತಿ ಮೆಟ್ಟಿಲ ಮೇಲೆ ಕುಸಿದು ಕೂತಳು. “ಕೆಲ್ಸ ಹೋಯ್ತಾ?”

“ಇಲ್ಲ. ನನ್ನ ಮಾತು ಯಾರೂ ನಂಬ್ಲಿಲ್ಲ. ಸೀಟು ನಾಜಿಶ್‌ಗೆ.”

ರೇವತಿ ದೊಡ್ಡ ಉಸಿರು ಬಿಟ್ಟಳು. ಅದು ಮುಗಿದ ಕೂಡಲೇ ಅಳು ಬಂತು. ಅಳುತ್ತಲೇ ಎದ್ದು ನಿಂತಳು.

“ನಾನು ಪ್ರತಿದಿನ ನಿನಗೆ ಹೇಳ್ಬೇಕು ಅಂದ್ಕೊಂಡೆ ಗೊತ್ತಾ? ಪ್ರತಿದಿನ. ನಿನ್ನನ್ನ ವಾಪಸ್ ತಗೊಳ್ಳಿ ಅಂತ ಸರ್ ಹತ್ರ ಎಷ್ಟು ಗೋಗರೆದೆ. ಎಲ್ಲ ಸರಿಯಾಗಿತ್ತು, ಎರಡು ಮಾತು ಬಾಕಿ ಇತ್ತು. ನೀನು ಹೋಗಿ ನನ್ನ ಹೆಸರು ತಗೊಂಡಿದ್ದೀಯ! ಅಷ್ಟು ಜನದ ಮುಂದೆ! ಬಂದು ನನ್ನನ್ನ ಒಂದು ಮಾತು ಕೇಳ್ಬಾರದಾಗಿತ್ತಾ? ನನ್ನ ಹೊಡೀಬಾರದಾಗಿತ್ತಾ?”

“ಕೇಳಿದ್ನಲ್ಲ. ಆವತ್ತು ಸಂಜೆ ಊಟಕ್ಕೆ ಕೂತಾಗ ಕೇಳ್ದೆ.”

“ನಮ್ಮನೇಲಿ ಇದ್ದು, ನಮ್ಮನೇದು ತಿಂದು...” ರೇವತಿ ತೋಳಿನಿಂದ ಮುಖ ಒರೆಸಿಕೊಂಡಳು. ಅವಳ ನೋವು ನಿಜವಾಗಿತ್ತು. ಅದರಲ್ಲಿ ನಾಟಕ ಇರಲಿಲ್ಲ, ಶಾಂಭವಿಗೆ ಅದು ಗೊತ್ತಾಯಿತು. ಇಡೀ ಮಳೆಗಾಲ ಮೋಸ ಹೋದವಳು ತಾನು. ಆದರೂ ಈಗ ಎದುರಿಗೆ ನಿಂತು, ಮೋಸ ಹೋದೆ ಎಂದು ಅಳುತ್ತಿದ್ದವಳು ರೇವತಿ. ಚಿಕ್ಕ ಹುಡುಗಿಯರು ಮೆಷೀನು ಬಿಟ್ಟು ಕಿಟಕಿಗೆ ಬಂದಿದ್ದರು. ಅವರಿಗೆ ಕಂಡದ್ದು ಅಳುವ ರೇವತಿ ಮಿಸ್ ಮತ್ತು ಅಳದೆ ನಿಂತ ಕೈಬಿಟ್ಟಮ್ಮ.

ಶಾಂಭವಿ ಮರ್ಫಿ ಟೌನಿನವರೆಗೂ ನಡೆದೇ ಹೋದಳು. ರೇವತಿ ಮಾಡಿದ ಫೋನು ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಪೀರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಪಕ್ಕದಲ್ಲಿ ಶಾಂಭವಿಯ ಬ್ಯಾಗು ತುಂಬಿ, ಜಿಪ್ಪು ಎಳೆದು ಇಟ್ಟಿತ್ತು. ಓಡುವ ಶೂಗಳನ್ನು ಒಂದು ಕವರಿನಲ್ಲಿ ಹಾಕಿ ಮೇಲೆ ಕಟ್ಟಿತ್ತು.

ಪೀರಮ್ಮ ಬೈಯಲಿಲ್ಲ. ತಿರುಗಿಯೂ ನೋಡಲಿಲ್ಲ.

“ಅಕಿ ಬರೋದ್ರಾಗ ಹೋಗಿಬಿಡು. ಅಕಿ ಮುಂದ ನಿನ್ನ ಕಳಸಾಕ ನನ್ನಿಂದ ಆಗೂದಿಲ್ಲ.”

“ಹೂಂ.”

“ನಿಮ್ಮವ್ವ ಕೇಳಿದ್ರ ಏನಂತ ಹೇಳ್ಲಿ?”

“ನಾನೇ ಹೇಳ್ತೀನಿ.”

ಶಾಂಭವಿ ಬ್ಯಾಗನ್ನು ಹೆಗಲಿಗೆ ಏರಿಸಿದಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೆ.ಆರ್. ಪುರದ ಬಸ್ಸು ಈ ಹೊತ್ತಿಗೆ ತುಂಬಿ ಬರುತ್ತದೆ, ನಿಂತೇ ಹೋಗಬೇಕು. ಸೈಟಿನಲ್ಲಿ ಅವ್ವ ಅಡಿಗೆ ಮಾಡುವುದು ಸಂಜೆಗೆ.

“ಉಂಡು ಹೋಗು” ಎಂದಳು ಪೀರಮ್ಮ, ಒಲೆಯ ಕಡೆಗೇ ಮುಖ ಮಾಡಿ.

ಬೇಡ ಅನ್ನಬಹುದಿತ್ತು. ಅಂದಿದ್ದರೆ ಚೆನ್ನಾಗಿರುತ್ತಿತ್ತೇನೋ. ಶಾಂಭವಿ ಬ್ಯಾಗು ಇಳಿಸಿ, ಗೋಡೆಗೆ ಒರಗಿ ಕೂತಳು. ಪೀರಮ್ಮ ತಟ್ಟೆ ಇಟ್ಟು, ಬಿಸಿ ರೊಟ್ಟಿ ಹಾಕಿ, ಪಲ್ಯ ಬಡಿಸಿದಳು. ಜಜ್ಜಿದ ಬೆರಳಿಗೆ ಬಿಸಿ ತಾಗಿ ಉರಿಯಿತು. ಅವಳು ಎಡಗೈಯಿಂದ ಮುರಿದು ತಿಂದಳು.

“ಇನ್ನೊಂದು ಹಾಕ್ಲೇನು?” ಎಂದು ಪೀರಮ್ಮ ಕೇಳಿದಳು.

“ಹಾಕು” ಎಂದಳು ಶಾಂಭವಿ.